ಒಂದು ಡಿಸ್ಕು, ಎರಡು ಸಂಸಾರ

ರಿಗ್ಗೈ, ಕುವೈತ್
5 ಸೆಪ್ಟೆಂಬರ್ 2025

ಧಾರವಾಡದ ಹಾಸ್ಟೆಲಿನಲ್ಲಿ ಕುಳಿತು ಭೌತಶಾಸ್ತ್ರವನ್ನು ಉದ್ಧರಿಸುತ್ತಿರುವ ಕುಮಾರಿ ಅಶ್ಮಿತಾಳ ಸನ್ನಿಧಾನಕ್ಕೆ, ಶುವೈಖಿನ ಗೋದಾಮಿನಲ್ಲಿ ದಿನವಿಡೀ ಬೇರಿಂಗು, ಬೆಲ್ಟುಗಳ ನಡುವೆ ಸವೆದು ಮನೆಗೆ ಬಂದ ತಂದೆ ಮೋನಪ್ಪನು ಅರಿಕೆ ಮಾಡಿಕೊಳ್ಳುವುದೇನೆಂದರೆ: ನಿನ್ನ ಯಂತ್ರಕ್ಕೆ ಆರೋಗ್ಯವಿಲ್ಲ.

ಹೊರಡುವ ದಿನ ನೀನು ಕೊಟ್ಟ ಆಜ್ಞೆ ನೆನಪಿದೆ. 'ಪಪ್ಪ, ನಾನಿಲ್ಲ ಅಂತ ಮಶೀನನ್ನು ಖಾಲಿ ಕೂರಿಸಬೇಡಿ.' ಕೂರಿಸಿಲ್ಲ. ಆಕಾಶದಿಂದ ಬಂದ ರೇಡಿಯೋ ಸದ್ದನ್ನು ಚೂರುಚೂರು ಮಾಡಿ ಲೋಕದ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರಲ್ಲ, ಅದರಲ್ಲಿ ನಮ್ಮ ಪಾಲಿನ ಚೂರು ತಪ್ಪದೆ ಬರುತ್ತಿದೆ. ಅದರೊಳಗೆ ಮಿಡಿಯುವ ನಕ್ಷತ್ರವೇನಾದರೂ ಅಡಗಿದೆಯೇ ಎಂದು ನಮ್ಮ ಯಂತ್ರ ಹುಡುಕುತ್ತದೆ, ಲೆಕ್ಕ ಮಾಡಿ ವಾಪಸು ಕಳಿಸುತ್ತದೆ. ಇದನ್ನು ಗೋದಾಮಿನಲ್ಲಿ ವಿವರಿಸಿದೆ. ಫೋರ್ಕ್‌ಲಿಫ್ಟ್ ಓಡಿಸುವ ಸಿರಾಜ್ ಭಾಯಿ ಎಲ್ಲ ಕೇಳಿ, ಗಂಭೀರವಾಗಿ, "ಸಿಕ್ಕಿದರೆ ನಕ್ಷತ್ರ ಯಾರ ಹೆಸರಿಗೆ? ಕಫೀಲನ ಹೆಸರಿಗಾ?" ಎಂದು ವಿಚಾರಿಸಿದ. ವೀಸಾ ಕೊಟ್ಟ ಧಣಿಯ ಹೆಸರಿನಲ್ಲೇ ಎಲ್ಲವೂ ನಡೆಯುವ ಊರಿನಲ್ಲಿ ನ್ಯಾಯವಾದ ಪ್ರಶ್ನೆಯೇ. ಚಹಾ ಕುಡಿದೆ.

ತೊಂದರೆ ಏನೆಂದರೆ, ವಿಂಡೋಸ್ ಮಹಾಶಯರು ಮೊನ್ನೆ ತಮಗೆ ಅಪ್ಡೇಟು ಬಂದಿದೆಯೆಂದು ಯಾರ ಅಪ್ಪಣೆಯೂ ಇಲ್ಲದೆ ಮಲಗಿ, ತಾವೇ ಎದ್ದು, ಪಾಸ್‌ವರ್ಡ್ ಕೊಡಿ ಎಂದು ಬಾಗಿಲಲ್ಲಿ ನಿಂತುಬಿಟ್ಟರು. ನಮಗೆ ತಿಳಿಯಲಿಲ್ಲ. ಚೂರಿನ ಗಡುವು ಮೀರಿಹೋಯಿತು. ಅಕ್ಟೋಬರಿನಿಂದ ಈ ಹಳೆಯ ವಿಂಡೋಸಿಗೆ ಆರೈಕೆಯೂ ನಿಲ್ಲುತ್ತದಂತೆ. ಹೊಸದನ್ನು ಹಾಕೋಣವೆಂದರೆ ನೀನು ಹವಲ್ಲಿಯ ಅಂಗಡಿ ಅಂಗಡಿ ಅಲೆದು ಜೋಡಿಸಿದ ಯಂತ್ರ ಅದಕ್ಕೆ ತಕ್ಕದ್ದಲ್ಲವೆಂದು ಪರದೆಯ ಮೇಲೆಯೇ ಬರೆದು ಬರುತ್ತದೆ. ಎದುರಿಗೇ ಅವಮಾನ. ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಬೇಕಂತಲ್ಲ? ಹೇಗೆ ಹಾಕುವುದು, ಎಷ್ಟು ಹಾಕುವುದು, ತಿಳಿಸು. ಕನ್ನಡದಲ್ಲೇ ತಿಳಿಸು. ಇಂಗ್ಲಿಷಿನಲ್ಲಿ ಬಂದ ಪತ್ರವನ್ನು ಈ ಮನೆಯಲ್ಲಿ ತೆರೆಯಲಾಗುವುದಿಲ್ಲ ಎಂಬ ಒಪ್ಪಂದ ಇನ್ನೂ ಜಾರಿಯಲ್ಲಿದೆ.

ಇನ್ನೆರಡು ಸಣ್ಣ ಸಂಗತಿ. ಗಾಳಿಯಾಡಲೆಂದು ಯಂತ್ರವನ್ನು ನಿನ್ನ ಕೋಣೆಯಿಂದ ಹಾಲಿಗೆ, ಫ್ರಿಜ್ಜಿನ ಪಕ್ಕಕ್ಕೆ ತಂದಿದ್ದೇವೆ. ಮತ್ತೆ, ಹಗಲಿನಲ್ಲಿ ಅದರ ಫ್ಯಾನು ಸದ್ದು ಮಾಡದ ಹಾಗೆ ಏನಾದರೂ ಉಪಾಯ ಉಂಟೋ?

ಜುಲೈ ಹತ್ತಕ್ಕೆ ನೀನು ಹೊರಟದ್ದು. ಆರು ತಿಂಗಳು ಹೊರಗೆ ಉಳಿದರೆ ಇಲ್ಲಿ ವಾಸಿಸುವ ಪರವಾನಗಿ, ಆ ಇಕಾಮಾ, ಖಲಾಸ್. ಜನವರಿ ಹತ್ತರೊಳಗೆ ಒಮ್ಮೆ ಇಲ್ಲಿ ಕಾಲಿಟ್ಟರೆ ಸಾಕು, ಇಲ್ಲವಾದರೆ ಹುಟ್ಟಿದ ಊರಿಗೆ ವೀಸಾ ಕೇಳಿಕೊಂಡು ಬರುವವಳಾಗುತ್ತೀ. ಡಿಸೆಂಬರ್ ರಜೆಗೆ ಬಂದೇ ಬರುತ್ತೀ ಎಂದು ನಿನ್ನ ಅಮ್ಮ ಈಗಾಗಲೇ ಬಂಗುಡೆ ಮೀನಿನವನಿಗೆ ಹೇಳಿಟ್ಟಾಗಿದೆ.

ಪಪ್ಪ

*

6 ಸೆಪ್ಟೆಂಬರ್ 2025
(ಮೋನಪ್ಪನ ಡ್ರಾಫ್ಟ್; ಕಳುಹಿಸಲಿಲ್ಲ)

ಮಗಾ, ನಿನ್ನೆಯ ಪತ್ರದಲ್ಲಿ ಒಂದು ಬಿಟ್ಟುಹೋಗಿದೆ. ಬಿಟ್ಟುಹೋದದ್ದಲ್ಲ, ಬಿಟ್ಟದ್ದು.

ಅಮ್ಮನ ಕ್ಲಿನಿಕ್ಕಿಗೆ ಶಿರ್ವದ ಕಡೆಯಿಂದ ಲವಿಟಾ ಎಂಬ ಹೊಸ ನರ್ಸ್ ಬಂದಿದ್ದಾಳೆ. ಉಳಿದುಕೊಳ್ಳಲು ಕೊಟ್ಟ ಜಾಗದಲ್ಲಿ ಅವಳಿಗೆ ಮಲಗಲು ಸಿಕ್ಕಿದ್ದು ಅಡುಗೆಮನೆಯ ಬಾಗಿಲ ಬಳಿಯ ನೆಲ. ಅಮ್ಮ ಕೌಂಟರಿನಲ್ಲಿ ಕುಳಿತು ಇದನ್ನು ಕೇಳಿ, ನನಗೊಂದು ಮಾತೂ ಹೇಳದೆ, ಸಂಜೆ ಅವಳನ್ನು ಸೂಟ್‌ಕೇಸ್ ಸಮೇತ ಕರೆದುಕೊಂಡು ಬಂದಳು. ನಿನ್ನ ಕೋಣೆ ಕೊಟ್ಟೆವು. 'ಎರಡು ವಾರ' ಎಂದಿದ್ದು. ಈಗ ಅವಳು ನಿನ್ನ ನಕ್ಷತ್ರಪಟ ತೂಗುತ್ತಿದ್ದ ಮೊಳೆಗೆ ತನ್ನ ಜಪಮಾಲೆ, ಕೊಂತೆ, ತೂಗುಹಾಕಿದ್ದಾಳೆ. ಪಟವನ್ನು ಸುರುಳಿ ಸುತ್ತಿ ಜೋಪಾನ ಮಾಡಿದ್ದೇನೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಾಳೆ. ಅದಕ್ಕೇ ಫ್ಯಾನಿನ ಸದ್ದಿನ ಚಿಂತೆ.

ಒಳ್ಳೆಯ ಹುಡುಗಿ. ಆದರೆ ಆ ಬಾಗಿಲು ಮುಚ್ಚಿರುವಾಗ ಒಳಗಿರುವವಳು ನೀನೇ ಎಂದು ಅರೆಗಳಿಗೆ ಅನ್ನಿಸಿ, ಚಹಾ ಬೇಕೇ ಎಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡು ಬರುತ್ತೇನೆ. ಇದನ್ನು ಹೇಗೆ ಬರೆಯ

*

ಧಾರವಾಡ
14 ಸೆಪ್ಟೆಂಬರ್ 2025

ಪ್ರೀತಿಯ ಪಪ್ಪ,

ಫೋನಿನಲ್ಲಿ ಕನ್ನಡ ಟೈಪ್ ಮಾಡುತ್ತಾ ನನ್ನ ಹೆಬ್ಬೆರಳು ಹೋಯಿತು. ರೂಮ್‌ಮೇಟ್ ಶಿವಲೀಲಾ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ. "ಅಲ್ಲವಾ, ನಿಮ್ಮಪ್ಪಗ ಪತ್ರ ಬರಿಯಾಕ ಹಿಂಗ ಬೆವರಾಕ್ಹತ್ತೀಯಲ್ಲ, ನಾಳೆ ಪರೀಕ್ಷೆ ಹೆಂಗ ಬರೀತೀ?" ಅಂತಾಳೆ. ಅವಳ ಕನ್ನಡ ನನಗೆ ಅರ್ಥ ಆಗಲು ಒಂದು ತಿಂಗಳು ಬೇಕಾಯಿತು. ನನ್ನದು ಅವಳಿಗೆ ಇನ್ನೂ ಆಗಿಲ್ಲ. 'ಉಂಟು' ಅಂದರೆ ಸಾಕು, ಬಿದ್ದು ಬಿದ್ದು ನಗುತ್ತಾಳೆ.

ಈಗ ಯಂತ್ರ. ನಾಲ್ಕು ದಾರಿ ಇವೆ. ನಿಮಗೆ ಅರ್ಥ ಆಗುವ ಹಾಗೆ ಹೇಳುತ್ತೇನೆ.

ಇದ್ದ ಹಾಗೇ ಬಿಡುವುದು ಒಂದು. ಅದನ್ನು ಬಿಡಿ, ಅದು ದಾರಿಯಲ್ಲ, ಸೋಮಾರಿತನ.

ಇನ್ನೊಂದು ಡುಯಲ್ ಬೂಟ್. ಒಂದೇ ಡಿಸ್ಕಿನಲ್ಲಿ ಗೆರೆ ಎಳೆದು ಈ ಕಡೆ ವಿಂಡೋಸ್, ಆ ಕಡೆ ಲಿನಕ್ಸ್. ಆನ್ ಮಾಡುವಾಗ ಯಾರು ಬೇಕು ಅಂತ ಕೇಳುತ್ತದೆ. ಒಬ್ಬರು ಎದ್ದಿದ್ದರೆ ಇನ್ನೊಬ್ಬರು ಮಲಗಿರಬೇಕು. ಸಬ್ಹಾನಿನ ಕಾರ್ಮಿಕರ ಕ್ಯಾಂಪಿನಲ್ಲಿ ಒಂದೇ ಮಂಚದಲ್ಲಿ ರಾತ್ರಿ ಶಿಫ್ಟಿನವ ಹಗಲು, ಹಗಲು ಶಿಫ್ಟಿನವ ರಾತ್ರಿ ಮಲಗುತ್ತಾರೆ ಅಂತ ನೀವೇ ಹೇಳಿದ್ದಲ್ಲ, ಅದೇ.

ಮತ್ತೊಂದು ವರ್ಚುವಲ್ ಮಶೀನ್. ವಿಂಡೋಸಿನ ಒಳಗೇ ಲಿನಕ್ಸನ್ನು ಕೂರಿಸುವುದು. ವಿಂಡೋಸ್ ಕಫೀಲ್, ಲಿನಕ್ಸ್ ವಿಸಿಟ್ ವೀಸಾದಲ್ಲಿ ಬಂದ ನೆಂಟ. ಕಫೀಲ್ ಕೊಟ್ಟಷ್ಟೇ ಅನ್ನ, ಕೊಟ್ಟಷ್ಟೇ ಜಾಗ. ಕಫೀಲ್ ಅಪ್ಡೇಟಿಗೆ ಮಲಗಿದರೆ ನೆಂಟನೂ ಹೊರಗೆ.

ಕಡೆಯದು ಎಲ್ಲ ಅಳಿಸಿ ಲಿನಕ್ಸ್ ಮಾತ್ರ ಹಾಕುವುದು. ಲೆಕ್ಕದ ಕೆಲಸಕ್ಕೆ ಇದೇ ಒಳ್ಳೆಯದು. ಕರೆಂಟ್ ಹೋಗಿ ಬಂದರೂ ಪಾಸ್‌ವರ್ಡ್ ಕೇಳದೆ ತಾನೇ ಕೆಲಸ ಶುರು ಮಾಡುತ್ತದೆ. ಆದರೆ ಇದು ಬೇಡ. ಆ ಡಿಸ್ಕಿನಲ್ಲಿ ನನ್ನ ಹೆಸರಿನ ಲಾಗಿನ್ ಇದೆ, ಹಿಂದೆ ಸಮುದ್ರದ ಫೋಟೋ ಇದೆ, ಸ್ಕೂಲಿನದೆಲ್ಲ ಇದೆ. ಕಾಪಿ ಮಾಡಿ ಇಡಬಹುದು, ಗೊತ್ತು. ಆದರೂ ಡಿಸೆಂಬರಿನಲ್ಲಿ ಬಂದು ಕೂತಾಗ ನನ್ನ ಸ್ಕ್ರೀನ್ ನನಗೆ ಇದ್ದ ಹಾಗೇ ಸಿಗಬೇಕು. ಹಾಗಾಗಿ ಡುಯಲ್ ಬೂಟ್ ಮಾಡಿ, ಪ್ಲೀಸ್.

ಒಂದು ವಿಷಯ ಗೊತ್ತಾ ಪಪ್ಪ? ಒಂದೇ ಚೂರನ್ನು ಎರಡು ಮನೆಗೆ ಕಳಿಸುತ್ತಾರೆ. ನಮ್ಮ ಉತ್ತರ ಮತ್ತು ಬೇರೆ ಯಾವುದೋ ದೇಶದ ಒಬ್ಬರ ಉತ್ತರ ಹೊಂದಿದರೆ ಮಾತ್ರ ಸರಿ ಅಂತ ತೆಗೆದುಕೊಳ್ಳುತ್ತಾರೆ. ಆ ಇನ್ನೊಬ್ಬರು ಯಾರು, ಅವರ ಮಶೀನ್ ಎಲ್ಲಿದೆ, ಅವರ ಅಡುಗೆಮನೆಯಲ್ಲಿ ಈಗ ಏನು ಬೇಯುತ್ತಿದೆ ಅಂತ ಕ್ಲಾಸಿನಲ್ಲಿ ಕೂತು ಯೋಚಿಸುತ್ತಿರುತ್ತೇನೆ.

ಹಗಲು ಯಾಕೆ ಸದ್ದು ಆಗಬಾರದು? ಹಗಲು ಮನೆಯಲ್ಲಿ ಯಾರು ಇರುತ್ತಾರೆ?

ಅಶ್ಮಿ

*

ರಿಗ್ಗೈ
3 ಅಕ್ಟೋಬರ್ 2025

ಪ್ರಯೋಗಶಾಲೆಯ ವರದಿಯನ್ನು ಮಗಳ ಪರಿಶೀಲನೆಗೆ ಸಲ್ಲಿಸಲಾಗಿದೆ.

ನೀನು ಬೇಡವೆನ್ನದ, ಬೇಕೆಂದೂ ಹೇಳದ ನೆಂಟನ ದಾರಿಯನ್ನು ಮೊದಲು ಹಿಡಿದೆ. ಯಾರನ್ನೂ ಅಳಿಸುವ ಪಾಪ ಬೇಡವೆಂದು. ಕಫೀಲ್ ಮತ್ತು ನೆಂಟ ಇಬ್ಬರಿಗೂ ಯಂತ್ರಕ್ಕಿರುವ ನೆನಪಿನ ಶಕ್ತಿಯನ್ನು, ಆ ಮೆಮೊರಿಯನ್ನು, ಅರ್ಧರ್ಧ ಹಂಚಿದೆ. ಇಬ್ಬರೂ ಹಸಿದು ಕಂಗಾಲಾದರು. ಮೌಸನ್ನು ಬಲಕ್ಕೆ ಎಳೆದರೆ ಬಾಣದ ಗುರುತು ಯೋಚಿಸಿ, ನಿಟ್ಟುಸಿರು ಬಿಟ್ಟು, ಆಮೇಲೆ ಹೊರಡುತ್ತಿತ್ತು. ನಿನ್ನ ಅಮ್ಮ ಹಿಂದಿನಿಂದ ನೋಡಿ, "ಇದು ಥೇಟ್ ನಿಮ್ಮ ಹಾಗೇ ಕೆಲಸ ಮಾಡ್ತದೆ ಮಾರಾಯ್ರೇ" ಎಂದು ಪ್ರಮಾಣಪತ್ರ ಕೊಟ್ಟು ಹೋದಳು.

ನೆಂಟನನ್ನು ಗೌರವದಿಂದ ಬೀಳ್ಕೊಟ್ಟು, ನಿನ್ನ ಮಾತಿನಂತೆ ಡಿಸ್ಕಿಗೆ ಗೆರೆ ಎಳೆಯಲು ಕುಳಿತೆ. ಇಲ್ಲಿ ಎಲ್ಲ ಕಟ್ಟಡಗಳಲ್ಲೂ ಜಿಪ್ಸಂ ಬೋರ್ಡು ನಿಲ್ಲಿಸಿ ಒಂದು ಕೋಣೆಯನ್ನು ಎರಡು ಮಾಡುತ್ತಾರಲ್ಲ, ಆ ಅನುಭವ ಸಹಾಯಕ್ಕೆ ಬಂತು. ಕಿಟಕಿ ಯಾವ ಕಡೆಗೆ ಹೋಗುತ್ತದೆ ಎಂಬುದೊಂದೇ ಪ್ರಶ್ನೆ. ಕಿಟಕಿ ನಿನ್ನ ಕಡೆಗೇ ಬಿಟ್ಟಿದ್ದೇನೆ. ದೊಡ್ಡ ಭಾಗ ನಿನ್ನ ವಿಂಡೋಸಿಗೆ, ಸಣ್ಣದು ಲಿನಕ್ಸಿಗೆ. ಸಮುದ್ರದ ಫೋಟೋ ಕ್ಷೇಮ. ಆಗಾಗ ಆ ಕಡೆಗೆ ಹೋಗಿ ನೋಡಿ ಬರುತ್ತೇನೆ, ಬೀಗ ಹಾಕಿದ ಮನೆಗೆ ಧೂಳು ಹೊಡೆಯಲು ಹೋಗುವವರ ಹಾಗೆ.

ಲಿನಕ್ಸ್ ಬಂದ ಮೇಲೆ ಯಂತ್ರದ ಸ್ವಭಾವವೇ ಬದಲಾಗಿದೆ. ಮಾತಿಲ್ಲ, ಕತೆಯಿಲ್ಲ. ಸಂಜೆ ಊಟ ಮಾಡುತ್ತ ಅದರ ಗುಂಯ್ ಎನ್ನುವ ಸದ್ದು ಕೇಳುತ್ತೇವೆ. ಯಾವುದೋ ಕಾಲದಲ್ಲಿ ಯಾವುದೋ ನಕ್ಷತ್ರ ಆಡಿದ ಮಾತು ಈಗ ನಮ್ಮ ಫ್ರಿಜ್ಜಿನ ಪಕ್ಕ ಕುಳಿತು ಅರ್ಥವಾಗುತ್ತಿದೆಯೋ ಏನೋ ಎಂದು ನನಗೆ ಅನ್ನಿಸುತ್ತದೆ. ಅಮ್ಮನಿಗೆ ಫ್ರಿಜ್ಜಿನ ಗ್ಯಾಸು ಹೋಗಿದೆ ಎಂದು ಅನ್ನಿಸುತ್ತದೆ.

ಹಗಲು ಒಂಬತ್ತರಿಂದ ನಾಲ್ಕರ ತನಕ ಲೆಕ್ಕ ನಿಲ್ಲಿಸುವುದು ಹೇಗೆ, ಅದೊಂದು ತಿಳಿಸು. ಯಾಕೆ ಎಂದು ಕೇಳಬಾರದು. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಹಗಲು ನಿದ್ದೆಯ ಘನತೆ ತಿಳಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ಪಪ್ಪ

*

11 ಅಕ್ಟೋಬರ್ 2025
(ಅಶ್ಮಿತಾಳ ಡ್ರಾಫ್ಟ್, ಕಳುಹಿಸಲಿಲ್ಲ)

ಪಪ್ಪ, ಎರಡು ವಿಷಯ ಹೇಳಬೇಕು, ಎರಡೂ ಬರೆಯಲು ಆಗುತ್ತಿಲ್ಲ.

ಒಂದು ನನ್ನದು. ಪುಣೆಯ ಆಚೆ ಬಯಲಿನಲ್ಲಿ ರೇಡಿಯೋ ದೂರದರ್ಶಕ ಇದೆ, ದೊಡ್ಡ ದೊಡ್ಡ ಡಿಶ್‌ಗಳು. ಅಲ್ಲಿ ಒಂದು ತಿಂಗಳ ತರಬೇತಿಗೆ ಹೋಗಲು ನಮ್ಮ ಮೇಡಂ ನನ್ನ ಹೆಸರು ಕೊಟ್ಟಿದ್ದರು. ಸಿಕ್ಕಿದೆ. ನಮ್ಮ ಮಶೀನಿಗೆ ಚೂರುಚೂರಾಗಿ ಬರುವಂಥ ಸದ್ದನ್ನು ಅಲ್ಲಿ ಇಡಿಯಾಗಿ ಹಿಡಿಯುತ್ತಾರೆ. ಮೇಡಂ ಹೇಳಿದಾಗ ನನಗೆ ಕಾಲು ನೆಲದ ಮೇಲೆ ಇರಲಿಲ್ಲ. ಆಮೇಲೆ ತಾರೀಕು ನೋಡಿದೆ. ಡಿಸೆಂಬರ್ 18ರಿಂದ ಜನವರಿ 17. ನಡುವೆ ಬಿಡುವುದಿಲ್ಲ. ಅಲ್ಲಿಗೆ ಹೋದರೆ ಇಕಾಮಾ ಹೋಗುತ್ತದೆ.

ಇನ್ನೊಂದು ನಿಮ್ಮದು. ಹಗಲು ನೀವು ಮನೆಯಲ್ಲೇ ಮಲಗಿರುತ್ತೀರಿ, ಅಲ್ವಾ? ಗೋದಾಮು ಇಲ್ಲ. ಕೆಲಸ ಹೋಗಿದೆ. ಹೇಳುತ್ತಿಲ್ಲ. ಕೆಲಸ ಹೋದರೆ ಮನೆಯೂ

*

ಧಾರವಾಡ
12 ಅಕ್ಟೋಬರ್ 2025

ಪಪ್ಪ,

ಹಗಲು ನಿಲ್ಲಿಸುವುದು ಸುಲಭ. ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ಹೊತ್ತು ಹಾಕುವ ಜಾಗ ಇದೆ, ಅಲ್ಲಿ ಬರೆದರೆ ಮುಗಿಯಿತು.

ಆದರೆ ನಾನು ಯೋಚಿಸಿದೆ. ಡುಯಲ್ ಬೂಟ್ ಬೇಡ. ಎಲ್ಲ ಅಳಿಸಿ ಲಿನಕ್ಸ್ ಮಾತ್ರ ಇಡಿ. ನನ್ನದು ಅಂತ ಏನೂ ಇಡಬೇಡಿ. ಬೇಕಾದರೆ ಮಶೀನನ್ನೇ ಯಾರಿಗಾದರೂ ಕೊಟ್ಟುಬಿಡಿ. ಸಾಮಾನು ಜಾಸ್ತಿ ಇದ್ದಷ್ಟೂ ನಿಮಗೇ ಕಷ್ಟ.

ನೀವು ಚೆನ್ನಾಗಿ ಊಟ ಮಾಡಿ.

ಅಶ್ಮಿ

*

ರಿಗ್ಗೈ
19 ಅಕ್ಟೋಬರ್ 2025

ಅಶ್ಮಿತಾ,

ನಿನ್ನ ಪತ್ರ ತಲುಪಿತು. ಅದನ್ನು ಪತ್ರವೆನ್ನಬೇಕೋ ನೋಟೀಸೆನ್ನಬೇಕೋ ಎಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. 'ನನ್ನದು ಅಂತ ಏನೂ ಇಡಬೇಡಿ' ಎಂಬ ಸಾಲನ್ನು ನಾನು ಊಟಕ್ಕೆ ಮೊದಲು ಓದಿದೆ, ಊಟವಾದ ಮೇಲೆ ಓದಿದೆ. ಎರಡು ಸಲವೂ ಒಂದೇ ರುಚಿ.

ವಿಚಾರಣಾ ಸಮಿತಿ ಸೇರಿತು. ಅಧ್ಯಕ್ಷೆ ನಿನ್ನ ಅಮ್ಮ ಕುಸುಮಾವತಿ, ಸದಸ್ಯ ನಾನು. ಧಾರವಾಡದಲ್ಲಿ ಯಾರೋ ಹುಡುಗ ಸಿಕ್ಕಿರಬೇಕು, ಅದಕ್ಕೆ ಇಲ್ಲಿಯ ನಂಟು ಕತ್ತರಿಸುತ್ತಿದ್ದಾಳೆ ಎಂದು ಸದಸ್ಯರು ಸಂಶಯ ಮಂಡಿಸಿದರು. ಅಧ್ಯಕ್ಷೆ ಒಪ್ಪಲಿಲ್ಲ. "ಹುಡುಗ ಸಿಕ್ಕಿದ್ರೆ ಪತ್ರ ಉದ್ದ ಇರ್ತಿತ್ತು" ಎಂದಳು. ಅವಳದೇ ಒಂದು ಸಿದ್ಧಾಂತವಿದೆ. ಅದನ್ನು ಇಲ್ಲಿ ದಾಖಲಿಸುವಂತಿಲ್ಲ.

ಅಳಿಸಿಲ್ಲ. ಅಳಿಸುವುದೂ ಇಲ್ಲ. ನಿನ್ನ ಭಾಗ ನಿನ್ನದಾಗಿಯೇ ಇದೆ, ಲಿನಕ್ಸ್ ಅದರ ಮೂಲೆಯಲ್ಲಿ ಮುದುಡಿಕೊಂಡು ನಕ್ಷತ್ರ ಹುಡುಕುತ್ತಿದೆ. ಜಾಗ ಸಾಲದು ಎಂದು ಪಾಪ ಆಗಾಗ ಎಚ್ಚರಿಕೆ ಕೊಡುತ್ತದೆ. ಸಹಿಸಿಕೋ ಎಂದು ಹೇಳಿದ್ದೇನೆ.

ಡಿಸೆಂಬರ್ 22ಕ್ಕೆ ಮಂಗಳೂರಿನಿಂದ ನಿನ್ನ ಟಿಕೆಟ್ ಆಗಿದೆ. ಏನಾದರೂ ಸಿಟ್ಟಿದ್ದರೆ ಬಂದು ಎದುರಿಗೆ ಮಾಡು. ಪತ್ರದಲ್ಲಿ ಸಿಟ್ಟು ಮಾಡಿದರೆ ಸಮಾಧಾನ ಮಾಡುವುದಕ್ಕೆ ಕೈ ತಲುಪುವುದಿಲ್ಲ.

ಪಪ್ಪ

*

ಧಾರವಾಡ
16 ನವೆಂಬರ್ 2025

ಪಪ್ಪ,

ಇಷ್ಟು ದಿನ ಬರೆಯಲಿಲ್ಲ, ಪರೀಕ್ಷೆ ಅಂತ ಹೇಳಬಹುದು, ಇತ್ತು ಕೂಡ. ಫೋನಿನಲ್ಲೂ 'ಊಟ ಆಯ್ತಾ, ಆಯ್ತು' ಅಂತ ಅಷ್ಟೇ ಮಾತಾಡಿದೆವು.

22ಕ್ಕೆ ಬರುತ್ತೇನೆ. ಬರಬೇಕು ಅಂತ ತೀರ್ಮಾನ ಮಾಡಿದೆ. ಒಂದು ವರ್ಷ ಕಾಲೇಜು ನಿಲ್ಲಿಸಿದರೂ ಪರವಾಗಿಲ್ಲ. ನಾನು ಅಲ್ಲೇ ಇದ್ದು ಟ್ಯೂಷನ್ ಹೇಳಬಹುದು, ಅಂಗಡಿಯಲ್ಲಿ ಕೂರಬಹುದು, ನನ್ನ ಇಕಾಮಾ ಇದೆಯಲ್ಲ. ಶಿವಲೀಲಾ, "ಹುಚ್ಚಿ, ಮೊದಲ ಕೇಳ, ಆಮ್ಯಾಲ ತ್ಯಾಗ ಮಾಡುವಂತಿ" ಅಂದಳು. ಅದಕ್ಕೆ ಕೇಳುತ್ತಿದ್ದೇನೆ.

ನೀವು ಕೆಲಸಕ್ಕೆ ಹೋಗುತ್ತಿದ್ದೀರಾ? ತಮಾಷೆ ಬೇಡ. ಈ ಒಂದಕ್ಕೆ ಮಾತ್ರ ತಮಾಷೆ ಇಲ್ಲದೆ ಉತ್ತರ ಕೊಡಿ. ಹಗಲು ಮನೆಯಲ್ಲಿ ಮಲಗುವವರು ನೀವೇ ಅಲ್ವಾ?

ಅಶ್ಮಿ

*

ರಿಗ್ಗೈ
17 ನವೆಂಬರ್ 2025

ಅಶ್ಮೀ,

ಇದು ಅಮ್ಮ. ನಿಮ್ಮಪ್ಪ ನಿನ್ನ ಪತ್ರ ಓದಿ ಬಾಲ್ಕನಿಗೆ ಹೋಗಿ ನಿಂತಿದ್ದಾರೆ. ಉತ್ತರ ಬರೆಯಲು ಕೂತರೆ ಮತ್ತೆ ಸಮಿತಿ, ಸದಸ್ಯ, ಅಧ್ಯಕ್ಷೆ ಅಂತ ಶುರು ಮಾಡುತ್ತಾರೆ. ಹಾಗಾಗಿ ನಾನೇ ಬರೆಯುವುದು.

ಪಪ್ಪನ ಕೆಲಸಕ್ಕೆ ಏನೂ ಆಗಿಲ್ಲ. ಬೆಳಿಗ್ಗೆ ಹೋಗುತ್ತಾರೆ, ಸಂಜೆ ಖುಬ್ಬೂಸ್ ರೊಟ್ಟಿ ಹಿಡಿದುಕೊಂಡು ಬರುತ್ತಾರೆ. ಹಗಲು ಮಲಗುವವಳು ಲವಿಟಾ. ನಮ್ಮ ಕ್ಲಿನಿಕ್ಕಿನ ಹೊಸ ನರ್ಸು. ಅವಳಿಗೆ ಮಲಗಲು ಸರಿಯಾದ ಜಾಗ ಇರಲಿಲ್ಲ. ನಿನ್ನ ರೂಮು ಕೊಟ್ಟಿದ್ದೇನೆ. ಆಗಸ್ಟಿನಿಂದ ಅಲ್ಲೇ ಇದ್ದಾಳೆ. ಕೊಟ್ಟದ್ದು ನಾನು. ಹೇಳುತ್ತೇನೆ ಅಂತ ಹೇಳಿ ಹೇಳದೆ ಇದ್ದದ್ದು ಅವರು. ನಿನಗೆ ಬೇಜಾರಾಗುತ್ತದೆ ಅಂತ. ನಿನಗೆ ಇದು ಹೇಗೋ ಗೊತ್ತಾಗಿಯೇ ಸಿಟ್ಟಲ್ಲಿ 'ನನ್ನದು ಏನೂ ಇಡಬೇಡಿ' ಅಂತ ಬರೆದದ್ದು ಅಂತ ನಾನು ಹೇಳಿದ್ದೆ. ನನ್ನ ಲೆಕ್ಕವೂ ತಪ್ಪಿತು ನೋಡು.

ನೀನು ಬಂದಾಗ ಅವಳು ಹಾಲಿನಲ್ಲಿ ಮಲಗುತ್ತಾಳೆ, ಅವಳೇ ಹೇಳಿದ್ದು. ಕೋಪ ಬಂದರೆ ಬರಲಿ. ಮಲಗಲಿಕ್ಕೆ ಜಾಗ ಇಲ್ಲದವಳ ಎದುರು ಖಾಲಿ ಮಂಚ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳಲು ನನಗೆ ಆಗಲಿಲ್ಲ.

ಕಾಲೇಜು ಬಿಡುವ ಮಾತು ಇನ್ನೊಮ್ಮೆ ಬಂದರೆ ವಿಮಾನ ಹತ್ತಿ ಬಂದು ಹೊಡೆಯುತ್ತೇನೆ.

ಅಮ್ಮ

*

ಧಾರವಾಡ
22 ನವೆಂಬರ್ 2025

ಪಪ್ಪ, ಅಮ್ಮ,

ಒಂದು ದಿನ ಪೂರ್ತಿ ಸಿಟ್ಟು ಮಾಡಿದೆ. ಮೆಸ್ಸಿನಲ್ಲಿ ಊಟ ಬಿಟ್ಟೆ. ನನ್ನ ಮಂಚ, ನನ್ನ ಕಿಟಕಿ, ಅಲ್ಲಿಂದ ಕಾಣುವ ನಾಲ್ಕನೇ ರಿಂಗ್ ರೋಡಿನ ದೀಪ, ಇದನ್ನೆಲ್ಲ ನೋಡದೆ ಯಾರೋ ಒಬ್ಬಳು ನಿದ್ದೆ ಮಾಡುತ್ತಿದ್ದಾಳೆ ಅಂತ. ಮರುದಿನ ನಗು ಬಂತು. ಪಪ್ಪ ಕೆಲಸ ಕಳೆದುಕೊಂಡು ಮುಸುಕು ಹೊದ್ದು ಮಲಗಿದ್ದಾರೆ ಅಂತ ನಾನು ಇಲ್ಲಿ ಎರಡು ದೇವರಿಗೆ ಹರಕೆ ಹೇಳಿದ್ದೇನೆ. ಈಗ ಆ ಹರಕೆಗೆ ಏನು ಮಾಡುವುದು ಅಂತ ಶಿವಲೀಲಾಳನ್ನು ಕೇಳಿದರೆ, "ದೇವ್ರು ತಪ್ಪ ತಿಳ್ಕೊಳ್ಳೂದಿಲ್ಲ ಬಿಡ, ಅವ್ರಿಗಿ ಇಂಥಾವು ಭಾಳ ಬರ್ತಾವ" ಅಂದಳು.

ಈಗ ನನ್ನದನ್ನೂ ಹೇಳಬೇಕು. ನನಗೆ ರೇಡಿಯೋ ದೂರದರ್ಶಕದಲ್ಲಿ ಒಂದು ತಿಂಗಳ ತರಬೇತಿ ಸಿಕ್ಕಿದೆ. ಅಕ್ಟೋಬರಿನಲ್ಲೇ ಸಿಕ್ಕಿತು. ಡಿಸೆಂಬರ್ 18ರಿಂದ ಜನವರಿ 17. ನಮ್ಮ ವರ್ಷದಿಂದ ಒಬ್ಬಳೇ. ಮುಂದಿನ ವರ್ಷ ಮತ್ತೆ ಸಿಗುತ್ತದೆ ಅಂತ ಏನೂ ಇಲ್ಲ. 25ರೊಳಗೆ ಹೂಂ ಅಥವಾ ಇಲ್ಲ ಅಂತ ಹೇಳಬೇಕು. ಇಲ್ಲ ಅಂತ ಬರೆದು ಇಟ್ಟಿದ್ದೆ, ಕಳಿಸಲಿಲ್ಲ.

ಹೋದರೆ ಜನವರಿ ಹತ್ತು ದಾಟುತ್ತದೆ. ಹೊರಗಿರಲು ಅನುಮತಿ ಕೇಳಬಹುದು ಅಂತ ಎಲ್ಲೋ ಓದಿದೆ, ನಿಮ್ಮ ಆಫೀಸಿನ ವೀಸಾ ಕಾಗದಪತ್ರ ನೋಡುವ ಮಂದೂಬ್ ಅವರನ್ನು ಕೇಳಿ ನೋಡುತ್ತೀರಾ? ಆಗದಿದ್ದರೆ, ಪಪ್ಪ, ನನಗೆ ಗೊತ್ತಾಗುತ್ತಿಲ್ಲ. ನಾನು ಹುಟ್ಟಿದ್ದು ಅಲ್ಲಿ. ಊರು ಅಂದರೆ ಎಲ್ಲರೂ ಮಂಗಳೂರು ಅಂತಾರೆ, ಅಲ್ಲಿಗೆ ನಾನು ರಜೆಗೆ ಹೋದದ್ದು ಮಾತ್ರ. ಇಕಾಮಾ ಹೋದ ಮೇಲೆ ಆ ಮನೆಗೆ ನಾನು ಯಾರು?

ನೀವೇ ಹೇಳಿ. ನೀವು ಬಾ ಅಂದರೆ ಬರುತ್ತೇನೆ.

ಅಶ್ಮಿ

*

ರಿಗ್ಗೈ
24 ನವೆಂಬರ್ 2025

ಮಗಾ,

ಮಂದೂಬನನ್ನು ಕೇಳಿದೆ. ಅವನು ಕಣ್ಣು ಮುಚ್ಚಿ, 'ಅರ್ಜಿ ಹಾಕಬಹುದು' ಎಂದ. 'ಆಗುತ್ತದೆಯೇ?' ಎಂದೆ. 'ಅರ್ಜಿ ಹಾಕಬಹುದು' ಎಂದ. ಇಪ್ಪತ್ತೈದರೊಳಗೆ ಅವನಿಂದ ಇದಕ್ಕಿಂತ ದೊಡ್ಡ ವಾಕ್ಯ ಹೊರಡುವ ಲಕ್ಷಣವಿಲ್ಲ.

ನಿನ್ನ ಪತ್ರ ಬಂದಾಗಿನಿಂದ ನಾನು ತಮಾಷೆಗೆ ಒಂದು ಮಾತು ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ. ಇಲ್ಲಿ ಮೊದಲು ಇಳಿದ ದಿನ ನಾನು ಎರಡು ವರ್ಷವೆಂದು ಬಂದವನು. ಆಮೇಲೆ ನಿನ್ನ ಅಮ್ಮ ಬಂದಳು, ನೀನು ಹುಟ್ಟಿದೆ, ಎರಡು ವರ್ಷ ಇನ್ನೂ ಮುಗಿಯಲಿಲ್ಲ. ನಮ್ಮ ಇಕಾಮಾ ಕಾರ್ಡುಗಳ ಹಿಂದೆ ಒಂದು ತಾರೀಕು ಯಾವಾಗಲೂ ಇತ್ತು. ಅದನ್ನು ಮುಂದಕ್ಕೆ ತಳ್ಳುವುದೇ ಒಂದು ಕಸುಬು. ನಿನ್ನ ಸ್ಕೂಲ್ ಫೀಸಿನ ಹಾಗೆ, ಹಾಲಿನ ಹಾಗೆ, ಅದೂ ಒಂದು ಮನೆವಾರ್ತೆ ಎಂದು ಮಾಡಿಕೊಂಡು ಬಂದೆ. ಆ ಕಾರ್ಡಿನಿಂದಲೇ ನೀನು ಈ ಮನೆಯ ಮಗಳಾದದ್ದು ಅಂತ ನಿನಗೆ ಯಾವಾಗ ಅನ್ನಿಸಿತೋ ನಾನು ಕಾಣೆ. ನನ್ನ ಗಡಿಬಿಡಿ ನೋಡಿಯೇ ಅನ್ನಿಸಿರಬೇಕು.

ಬರಬೇಡ.

ಇಷ್ಟು ಬರೆದೆ. ಅಮ್ಮ ಬಂದು ಓದಿದಳು. "ಸರಿ ಉಂಟು, ಕಳಿಸಿ" ಎಂದು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆದಳು. ಬೆಳಿಗ್ಗೆಯೇ ತೊಳೆದಿಟ್ಟ ಪಾತ್ರೆಗಳು.

ನೀನು ಅಲ್ಲಿಗೆ ಹೋಗು. ನಾವಿಲ್ಲಿ ಚೂರು ಹಿಡಿದುಕೊಂಡು ಕುಳಿತಿರುವಾಗ ನಮ್ಮ ಮನೆಯವರೇ ಒಬ್ಬರು ಇಡಿಯನ್ನು ನೋಡಿ ಬರಲಿ. ನಕ್ಷತ್ರ ಯಾರ ಹೆಸರಿಗೆ ಎಂದೂ ಅಲ್ಲಿ ಯಾರನ್ನಾದರೂ ವಿಚಾರಿಸು, ಸಿರಾಜ್ ಭಾಯಿ ಇನ್ನೂ ಕೇಳುತ್ತಾನೆ.

ಇನ್ನು ಯಂತ್ರ. ನಿನ್ನ ಫೋಟೋ, ಪಾಠ, ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಟ್ಟು, ನಿನ್ನೆ ಸಂಜೆ ನಿನ್ನ ಭಾಗವನ್ನು ಅಳಿಸಿದೆ. 'ಖಚಿತವೇ?' ಎಂದು ಕೇಳಿತು. ಈ ಯಂತ್ರಗಳಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತೋ. ಖಚಿತ ಎಂದೆ. ಈಗ ಲಿನಕ್ಸ್ ಇಡೀ ಡಿಸ್ಕಿನಲ್ಲಿ ಕಾಲು ಚಾಚಿ ಕೆಲಸ ಮಾಡುತ್ತಿದೆ. ಆನ್ ಮಾಡಿದರೆ ಯಾರು ಬೇಕೆಂದು ಕೇಳುವುದಿಲ್ಲ. ಅದು ಕೇಳಿದಾಗಲೆಲ್ಲ ನಾನು ನಿನ್ನ ಭಾಗದ ಮೇಲೆ ಬಾಣವಿಟ್ಟು, ಆಮೇಲೆ ಕೆಳಗಿಳಿಸುತ್ತಿದ್ದೆ. ದಿನಾ ಒಬ್ಬಳನ್ನು ಬೇಡವೆನ್ನುವ ಕೆಲಸ ಅದು. ತಪ್ಪಿತು.

ನನ್ನ ಹಳೆಯ ಕನ್ನಡ ಟೈಪಿಂಗ್ ಇದರಲ್ಲಿ ನಡೆಯುವುದಿಲ್ಲ. ಹೊಸ ಕೀಲಿಮಣೆ ಕಲಿಯುತ್ತಿದ್ದೇನೆ. ಈ ಪತ್ರಕ್ಕೆ ಇಡೀ ಸಂಜೆ ಹಿಡಿಯಿತು. ಎಲ್ಲ ತಡವೂ ಕೀಲಿಮಣೆಯದ್ದಲ್ಲ.

ಪಪ್ಪ

*

ರಿಗ್ಗೈ
10 ಜನವರಿ 2026

ಅಶ್ಮೀ,

ಅಲ್ಲಿ ಫೋನು ಮುಟ್ಟಲು ಬಿಡುವುದಿಲ್ಲವಂತೆ, ನಕ್ಷತ್ರದ ಮಾತಿಗೆ ನಮ್ಮ ಮಾತು ಅಡ್ಡ ಬರುತ್ತದಂತೆ. ಬಹಳ ಸರಿ. ಇಲ್ಲಿ ಮೂವತ್ತು ವರ್ಷದಿಂದ ನಿನ್ನ ಅಮ್ಮನ ಮಾತಿಗೆ ನನ್ನ ಮಾತು ಅಡ್ಡ ಬರುತ್ತಿದೆ, ಯಾರೂ ನಿಯಮ ಮಾಡಿಲ್ಲ. ಇದನ್ನು ನೀನು ಯಾವಾಗ ಓದುತ್ತೀಯೋ ಓದು.

ಇವತ್ತು ಮನೆಯಲ್ಲಿ ಕುಳಿತಿರಲು ಯಾರಿಗೂ ಮನಸ್ಸಿರಲಿಲ್ಲ. ಅಮ್ಮ, "ಯಲ್ಲಾ, ಎದ್ದೇಳಿ, ಮರುಭೂಮಿಗೆ ಹೋಗುವಾ" ಎಂದಳು. ಕಬ್ದ್ ಕಡೆಗೆ ಹೋದೆವು. ಡೇರೆಗಳ ಕಾಲವಲ್ಲವೇ, ದೂರದೂರಕ್ಕೆ ಬಿಳಿ ಡೇರೆ, ಮರಳಿನ ಮೇಲೆ ಮಕ್ಕಳ ಬಗ್ಗಿ ಗಾಡಿಯ ಸವಾರಿ. ಲವಿಟಾಳಿಗೆ ರಜೆ ಇತ್ತು, ಅವಳೂ ಬಂದಳು. ಮರುಭೂಮಿಯನ್ನು ಅವಳು ಮೊದಲ ಸಲ ನೋಡುವುದು. "ಇಷ್ಟೇ ಇರುವುದಾ ಅಂಕಲ್?" ಎಂದು ಕೇಳಿ, ಸ್ವಲ್ಪ ಹೊತ್ತಿಗೆ, "ಇಷ್ಟೊಂದು ಉಂಟಲ್ಲ" ಎಂದಳು.

ಸೂರ್ಯ ಮುಳುಗಿದ ಮೇಲೆ ಚಳಿ ಬಂತು. ಅಮ್ಮ ಶಾಲು ಹೊದ್ದುಕೊಂಡು ಮೇಲೆ ನೋಡಿದಳು. "ಅಶ್ಮಿ ನೋಡುವುದು ಎಲ್ಲಿ?" ಎಂದಳು. ನಾನು ಆತ್ಮವಿಶ್ವಾಸದಿಂದ ಒಂದು ದಿಕ್ಕಿಗೆ ಕೈ ತೋರಿಸಿದೆ.

"ಅಲ್ಲಿ ಏನೂ ಕಾಣುವುದಿಲ್ಲವಲ್ಲ."

"ಕಾಣುವಂಥದ್ದಲ್ಲ. ಕೇಳುವಂಥದ್ದು."

ಪಕ್ಕದ ಡೇರೆಯವರ ಜನರೇಟರ್ ಇದ್ದಕ್ಕಿದ್ದಂತೆ ನಿಂತಿತು. ಮೂವರೂ ಮಂಗಗಳ ಹಾಗೆ ಕತ್ತು ಮೇಲೆತ್ತಿ, ಉಸಿರು ಹಿಡಿದು ಕುಳಿತಿದ್ದೆವು. ನಿಜವಾಗಿ ಏನೋ ಕೇಳಬಹುದು ಎನ್ನುವವರ ಹಾಗೆ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ, "ಇವತ್ತು ಹತ್ತು ಅಲ್ವಾ?" ಎಂದಳು. ಹೌದು ಎಂದೆ. ಅಷ್ಟೇ.

ಪಪ್ಪ

*

ದೂರದರ್ಶಕ ಕೇಂದ್ರದ ಅತಿಥಿಗೃಹ
12 ಜನವರಿ 2026

ಪಪ್ಪ, ಅಮ್ಮ,

ಇಲ್ಲಿ ಆಫೀಸಿನ ಒಂದು ಕಂಪ್ಯೂಟರಿನಿಂದ ಬರೆಯಲು ಬಿಡುತ್ತಾರೆ. ನಿಮ್ಮ ಪತ್ರ ಈಗ ನೋಡಿದೆ. ನೀವು ಕೈ ತೋರಿಸಿದ ದಿಕ್ಕು ತಪ್ಪಿರುತ್ತದೆ, ಗ್ಯಾರಂಟಿ.

ಬೆಳಿಗ್ಗೆ ಚಳಿಯಲ್ಲಿ ಹೊರಗೆ ಬಂದರೆ ಹೊಲದ ನಡುವೆ ಡಿಶ್ ಎಲ್ಲ ಒಂದೇ ಕಡೆ ಮುಖ ಮಾಡಿಕೊಂಡು ನಿಂತಿರುತ್ತವೆ. ತಿರುಗುವಾಗ ಎಷ್ಟು ನಿಧಾನ ಅಂದರೆ, ನೋಡುತ್ತಾ ಇದ್ದರೆ ತಿರುಗುವುದಿಲ್ಲ. ಬೇರೆ ಏನೋ ಯೋಚಿಸಿ ಮತ್ತೆ ನೋಡಿದರೆ ತಿರುಗಿರುತ್ತವೆ. ಒಂದು ಮಿಡಿಯುವ ನಕ್ಷತ್ರವನ್ನು ಸ್ಪೀಕರಿನಲ್ಲಿ ಕೇಳಿಸಿದರು. ಟಕ್, ಟಕ್, ಟಕ್. ಯಾರೋ ಬಾಗಿಲು ತಟ್ಟುತ್ತಾ, ತೆಗೆಯದಿದ್ದರೂ ಬೇಜಾರಿಲ್ಲ ಅನ್ನುವ ಹಾಗೆ. ಸಿರಾಜ್ ಅಂಕಲ್‌ಗೆ ಹೇಳಿ, ನಕ್ಷತ್ರ ಯಾರ ಹೆಸರಿಗೂ ಇಲ್ಲ, ಬರೀ ನಂಬರು.

ಹತ್ತನೇ ತಾರೀಕು ಏನೋ ಆಗುತ್ತದೆ ಅಂತ ನಾನೂ ಕಾದಿದ್ದೆ. ಏನೂ ಆಗಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿಗೆ ವಯಸ್ಸಾದ ಒಬ್ಬ ಎಂಜಿನಿಯರ್ ಕೂತರು, ಕನ್ನಡದವರು. "ಯಾವೂರಮ್ಮಾ ನಿಂದು?" ಅಂದರು. ಕುವೈತ್ ಅಂತ ಬಾಯಿಗೆ ಬಂದಿತ್ತು, ಯಾವಾಗಲೂ ಹಾಗೇ ಹೇಳುವುದು. ಒಂದು ತುತ್ತು ನುಂಗಿ, "ನಮ್ಮ ಅಪ್ಪ ಅಮ್ಮ ಕುವೈತಿನಲ್ಲಿದ್ದಾರೆ" ಅಂದೆ. ಸುಳ್ಳಲ್ಲ. ಆದರೂ ಹೇಳಿದ ಮೇಲೆ ನಾಲಿಗೆಗೆ ಹೊಸ ಚಪ್ಪಲಿ ಹಾಕಿದ ಹಾಗಾಯಿತು.

"ಓ, ಮರುಭೂಮಿ. ಅಲ್ಲಿ ಆಕಾಶ ಹೆಂಗಿರತ್ತೆ?" ಅಂತ ಕೇಳಿದರು.

ನಾನು ತಿಂಗಳು ತಿಂಗಳಿನ ಲೆಕ್ಕದಲ್ಲಿ ಹೇಳಲು ಶುರು ಮಾಡಿದೆ. ಜುಲೈ ಮಧ್ಯಾಹ್ನ ನೀಲಿಯೇ ಇಲ್ಲದೆ ಬಿಳಿ ಆಗುವುದು, ಧೂಳು ಎದ್ದ ದಿನ ಕಿತ್ತಳೆ ಬಣ್ಣ ಬಂದು ಅಮ್ಮ ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕುವುದು, ಸಂಜೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಒಂದರ ಹಿಂದೆ ಒಂದು ದೀಪ ಹಿಡಿದು ಕ್ಯೂ ನಿಲ್ಲುವುದು, ಮಳೆ ಬಂದರೆ ಇಡೀ ಬಿಲ್ಡಿಂಗಿನವರು ಬಾಲ್ಕನಿಗೆ ಬಂದು ಕೈ ಚಾಚುವುದು. ಅವರು ಹೂಂ ಹೂಂ ಅಂತ ಕೇಳುತ್ತಲೇ ಇದ್ದರು. ಮೆಸ್ಸಿನವರು ಬಂದು ಬೇರೆ ಟೇಬಲ್ ಎಲ್ಲ ಒರೆಸಿ ಹೋದರು. ನೋಡಿದರೆ ನನ್ನ ತಟ್ಟೆಯಲ್ಲಿ ಅನ್ನ ಆರಿ ಗಟ್ಟಿಯಾಗಿತ್ತು, ನಾನು ಇನ್ನೂ ಫೆಬ್ರವರಿಯ ಆಕಾಶಕ್ಕೆ ಬಂದಿರಲಿಲ್ಲ.

ಅಶ್ಮಿ